15 ಲಕ್ಷದ ಎಸ್‌ಯುವಿಗೆ 18.6 ಲಕ್ಷ: ಮಿಡ್‌ಸೈಜ್ ಗಾಡಿ ಬುಕ್ ಮಾಡುವ ಮುಂಚೆ ಹಾಕಬೇಕಾದ ಲೆಕ್ಕ

"ಇನ್ನು ಒಂದೇ ಲಕ್ಷ ಹಾಕಿ ಸಾರ್, ಮೇಲಿನ ವೇರಿಯಂಟ್ ಬರುತ್ತೆ." ಎಸ್‌ಯುವಿ ನೋಡಲು ಶೋರೂಂಗೆ ಹೋದವರೆಲ್ಲ ಈ ಮಾತು ಕೇಳಿರುತ್ತಾರೆ. ಆ ಒಂದು ಲಕ್ಷ ಎಕ್ಸ್-ಶೋರೂಂ ಬೆಲೆಯಲ್ಲಿ ಮಾತ್ರ ಒಂದು ಲಕ್ಷ. ಕರ್ನಾಟಕದಲ್ಲಿ ರಸ್ತೆ ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿ ಅದು ಸುಮಾರು 1.22 ಲಕ್ಷ ಆಗುತ್ತದೆ. ಅಷ್ಟನ್ನೂ ಶೇ 9 ಬಡ್ಡಿಯ 7 ವರ್ಷದ ಸಾಲದಲ್ಲಿ ತೆಗೆದುಕೊಂಡರೆ ಕೊನೆಗೆ ನೀವು ಕಟ್ಟುವುದು 1.65 ಲಕ್ಷದ ಹತ್ತಿರ. ಸನ್‌ರೂಫು, ದೊಡ್ಡ ಸ್ಕ್ರೀನು, ಬಣ್ಣದ ಲೈಟು ಇವೆಲ್ಲ ಬೇಕಾ ಬೇಡವಾ ಎಂದು ತೀರ್ಮಾನಿಸುವಾಗ ಈ 1.65 ಲಕ್ಷವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ನಮ್ಮಲ್ಲಿ ಮಿಡ್‌ಸೈಜ್ ಎಸ್‌ಯುವಿ ಎಂದರೆ ಸುಮಾರು 4.3 ಮೀಟರ್ ಉದ್ದದ ಗಾಡಿ. 2012ರಲ್ಲಿ ರೆನೋ ಡಸ್ಟರ್ ಬಂದು ಈ ವರ್ಗಕ್ಕೆ ಜನ ಸೇರಿಸಿತು. 2015ರಲ್ಲಿ ಬಂದ ಹ್ಯುಂಡೈ ಕ್ರೆಟಾ ಅದನ್ನು ಮನೆಮಾತು ಮಾಡಿತು. ಈಗ ಕಿಯಾ ಸೆಲ್ಟೋಸ್, ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್, ಹೋಂಡಾ ಎಲಿವೇಟ್, ಸ್ಕೋಡಾ ಕುಶಾಕ್, ಫೋಕ್ಸ್‌ವ್ಯಾಗನ್ ಟೈಗನ್ ಎಲ್ಲವೂ ಇಲ್ಲಿವೆ. 2025ರ ಸೆಪ್ಟೆಂಬರ್‌ನಲ್ಲಿ ಮಾರುತಿ ವಿಕ್ಟೋರಿಸ್ ಬಂತು, ನವೆಂಬರ್‌ನಲ್ಲಿ ಟಾಟಾ ಸಿಯೆರಾ. ಈ ಲೇಖನದಲ್ಲಿ ಹೆಚ್ಚಾಗಿ ವಿಕ್ಟೋರಿಸ್ಸನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಪೆಟ್ರೋಲ್, ಸಿಎನ್‌ಜಿ, ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡುವುದು) ಮೂರೂ ಒಂದೇ ಗಾಡಿಯಲ್ಲಿ ಸಿಗುವುದರಿಂದ ಹೋಲಿಸಿ ನೋಡುವುದು ಸುಲಭ. ಲೆಕ್ಕ ಹಾಕುವ ರೀತಿ ಉಳಿದ ಗಾಡಿಗಳಿಗೂ ಇದೇ.

ಮೊದಲು ಕೇಳಿಕೊಳ್ಳಿ: ಈ ಗಾತ್ರದ್ದೇ ಬೇಕಾ?

2025ರ ಸೆಪ್ಟೆಂಬರ್ 22ರಂದು ಕಾರುಗಳ ಜಿಎಸ್‌ಟಿ ಬದಲಾಯಿತು. ಮಿಡ್‌ಸೈಜ್ ಪೆಟ್ರೋಲ್, ಡೀಸೆಲ್ ಎಸ್‌ಯುವಿಗಳಿಗೆ ಈಗ ಶೇ 40. ಮೊದಲು ಸೆಸ್ ಸೇರಿ 1500 ಸಿಸಿ ಒಳಗಿನ ಗಾಡಿಗೆ ಶೇ 45 ಇತ್ತು. ಅಂದರೆ ಸ್ವಲ್ಪ ಇಳಿದಿದೆ. ನಿಮ್ಮ ಹತ್ತಿರ 2025ರ ಮಧ್ಯದ ಹಳೇ ಕೊಟೇಶನ್ ಇದ್ದರೆ ಅದನ್ನು ಬಿಟ್ಟುಬಿಡಿ.

ಆದರೆ ಚಿಕ್ಕ ಗಾಡಿಗಳಿಗೆ ಇನ್ನೂ ಜಾಸ್ತಿ ಇಳಿದಿದೆ. ಉದ್ದ 4 ಮೀಟರ್ ಒಳಗಿದ್ದು, ಪೆಟ್ರೋಲ್ ಎಂಜಿನ್ 1200 ಸಿಸಿ ಅಥವಾ ಡೀಸೆಲ್ ಎಂಜಿನ್ 1500 ಸಿಸಿ ದಾಟದಿದ್ದರೆ ಶೇ 18 ಮಾತ್ರ. ಟಾಟಾ ನೆಕ್ಸಾನ್, ಹ್ಯುಂಡೈ ವೆನ್ಯೂ ತರಹದವು ಈ ಗುಂಪಿನಲ್ಲಿ ಬರುತ್ತವೆ. ಮಾರುತಿ ಬ್ರೆಝಾ 4 ಮೀಟರ್ ಒಳಗಿದ್ದರೂ ಪೆಟ್ರೋಲ್ ಎಂಜಿನ್ 1462 ಸಿಸಿ ಆದ್ದರಿಂದ ಶೇ 40ರಲ್ಲೇ ಇದೆ. ಹಾಗಾಗಿ ಚಿಕ್ಕ ಎಸ್‌ಯುವಿಗೂ ಮಿಡ್‌ಸೈಜ್‌ಗೂ ನಡುವಿನ ಬೆಲೆಯ ಅಂತರ ಮೊದಲಿಗಿಂತ ಹೆಚ್ಚಾಗಿದೆ. ಮನೆಯಲ್ಲಿ ಮೂರ್ನಾಲ್ಕು ಜನ, ಓಡಾಟ ಬಹುತೇಕ ಸಿಟಿಯೊಳಗೆ, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗ ಇಕ್ಕಟ್ಟು ಎಂದಾದರೆ ಚಿಕ್ಕದೇ ಒಳ್ಳೆಯದು ಎಂದು ನನ್ನ ಗಟ್ಟಿ ಅಭಿಪ್ರಾಯ. ಹಿಂದಿನ ಸೀಟಿನಲ್ಲಿ ಮೂರು ಜನ ದೊಡ್ಡವರು ಕೂರಬೇಕು, ಊರಿಗೆ ಹೋಗುವಾಗ ಡಿಕ್ಕಿ ತುಂಬುತ್ತದೆ, ತಿಂಗಳಿಗೆ ಒಂದೆರಡು ಸಲ ಹೈವೇ ಇದ್ದೇ ಇದೆ ಅನ್ನುವವರು ಮುಂದೆ ಓದಿ.

ಆನ್-ರೋಡ್ ಬೆಲೆ ನೀವೇ ಲೆಕ್ಕ ಹಾಕಿ

ಡೀಲರ್ ಕೊಡುವ ಕೊಟೇಶನ್ ನೋಡುವ ಮುಂಚೆ ಒಂದು ಹಾಳೆಯಲ್ಲಿ ನೀವೇ ಬರೆದುಕೊಳ್ಳಿ. ಆಗ ಎಲ್ಲಿ ಏನು ಸೇರಿಸಿದ್ದಾರೆ ಎಂದು ತಕ್ಷಣ ಗೊತ್ತಾಗುತ್ತದೆ.

ಜೀವಾವಧಿ ತೆರಿಗೆ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆ 5ರಿಂದ 10 ಲಕ್ಷದೊಳಗೆ ಇದ್ದರೆ ಶೇ 14, 10ರಿಂದ 20 ಲಕ್ಷದೊಳಗೆ ಶೇ 17, ಅದಕ್ಕಿಂತ ಮೇಲೆ ಶೇ 18. ಈ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಅಂದರೆ ಶೇ 17 ಎನ್ನುವುದು ನಿಜದಲ್ಲಿ ಶೇ 18.87.

15 ಲಕ್ಷ ಎಕ್ಸ್-ಶೋರೂಂ ಬೆಲೆಯ ಗಾಡಿ ಎಂದುಕೊಳ್ಳಿ. ತೆರಿಗೆ 2,55,000. ಅದರ ಮೇಲಿನ ಸೆಸ್ 28,050. ಎರಡೂ ಸೇರಿ 2,83,050 ರೂಪಾಯಿ. ಇನ್ಶೂರೆನ್ಸ್ ಆಯ್ಕೆಗಳನ್ನು ನೋಡಿಕೊಂಡು 50ರಿಂದ 70 ಸಾವಿರ. ಬೆಲೆ 10 ಲಕ್ಷ ದಾಟಿದ್ದರಿಂದ ಟಿಸಿಎಸ್ (ಡೀಲರ್ ನಿಮ್ಮಿಂದ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ) ಶೇ 1, ಅಂದರೆ 15 ಸಾವಿರ. ನೋಂದಣಿ ಶುಲ್ಕ, ಸಾಲ ಇದ್ದರೆ ಅದನ್ನು ಆರ್‌ಸಿಯಲ್ಲಿ ನಮೂದಿಸುವ ಶುಲ್ಕ, ಫಾಸ್ಟ್ಯಾಗ್, ಕಾರಿಗೆ 1,000 ರೂಪಾಯಿಯ ಇನ್ನೊಂದು ಸೆಸ್ ಹೀಗೆ ಚಿಲ್ಲರೆ ಖರ್ಚೆಲ್ಲ ಐದು ಸಾವಿರದ ಆಸುಪಾಸು. ಒಟ್ಟು 18.6 ಲಕ್ಷ.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಈ ತೆರಿಗೆ ಆದಾಯ ತೆರಿಗೆಯ ಹಾಗೆ ಹಂತ ಹಂತವಾಗಿ ಬೀಳುವುದಿಲ್ಲ. ಗೆರೆ ದಾಟಿದರೆ ಪೂರ್ತಿ ಬೆಲೆಗೆ ಹೊಸ ದರ. 19.99 ಲಕ್ಷದ ಗಾಡಿಗೆ ತೆರಿಗೆ ಸುಮಾರು 3.77 ಲಕ್ಷ. 20.01 ಲಕ್ಷ ಆದರೆ ಸುಮಾರು 4 ಲಕ್ಷ. ಎರಡು ಸಾವಿರದ ವ್ಯತ್ಯಾಸಕ್ಕೆ 22 ಸಾವಿರ ಜಾಸ್ತಿ. 10 ಲಕ್ಷದ ಗೆರೆಯಲ್ಲಂತೂ ಈ ಜಿಗಿತ 33 ಸಾವಿರ ದಾಟುತ್ತದೆ. ವಿಕ್ಟೋರಿಸ್ ಬಿಡುಗಡೆಯಾದಾಗ ಬೆಲೆ 10.50 ಲಕ್ಷದಿಂದ 19.99 ಲಕ್ಷದವರೆಗೆ ಇತ್ತು. ಹೀಗೆ 20 ಲಕ್ಷದ ಅಂಚಿನಲ್ಲಿರುವ ಯಾವುದೇ ಗಾಡಿಗೆ ಎರಡು ಬಣ್ಣದ ಪೇಂಟ್ ಆರಿಸುವ ಮುಂಚೆ, ಅದರಿಂದ ಬಿಲ್ಲಿನ ಬೆಲೆ ಗೆರೆ ದಾಟುತ್ತದಾ ಎಂದು ಕೇಳಿ. ಬಣ್ಣಕ್ಕೆ ಹತ್ತು ಸಾವಿರ ಎಂದು ತಿಳಿದು ಒಪ್ಪಿಕೊಂಡು, ಮೂವತ್ತು ಸಾವಿರ ಕೊಡುವ ಹಾಗಾಗಬಾರದು.

ಗ್ರ್ಯಾಂಡ್ ವಿಟಾರಾ, ಹೈರೈಡರ್ ಎರಡೂ ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲೇ ತಯಾರಾಗುವ ಗಾಡಿಗಳು. ಇಲ್ಲೇ ತಯಾರಾದ ಮೇಲೆ ತೆರಿಗೆಯಲ್ಲಿ ಏನಾದರೂ ರಿಯಾಯಿತಿ ಇದೆಯಾ ಎಂದು ತುಂಬಾ ಜನ ಕೇಳುತ್ತಾರೆ. ಇಲ್ಲ.

ಕೊಟೇಶನ್‌ನಲ್ಲಿ "ಹ್ಯಾಂಡ್ಲಿಂಗ್ ಚಾರ್ಜ್", "ಲಾಜಿಸ್ಟಿಕ್ಸ್" ಎಂದು ಒಂದು ಸಾಲು ಕಂಡರೆ ಅದನ್ನು ಹೊಡೆದು ಹಾಕಲು ಹೇಳಿ. ಅದು ಸರ್ಕಾರಕ್ಕೆ ಹೋಗುವ ಹಣ ಅಲ್ಲ. ಸಾಗಾಣಿಕೆ ಖರ್ಚು ಎಕ್ಸ್-ಶೋರೂಂ ಬೆಲೆಯಲ್ಲೇ ಸೇರಿರುತ್ತದೆ. "ಆಕ್ಸೆಸರೀಸ್ ಪ್ಯಾಕ್ ತಗೊಳ್ಳಲೇಬೇಕು" ಎಂದರೂ ಒಪ್ಪಬೇಡಿ. ಮ್ಯಾಟ್, ಮಡ್‌ಫ್ಲ್ಯಾಪ್ ಎರಡು ಸಾಕು. ಉಳಿದದ್ದು ಹೊರಗೆ ಕಡಿಮೆಗೆ ಸಿಗುತ್ತದೆ. ಬುಕಿಂಗ್ ದಿನವೇ ರಸೀದಿಯ ಮೇಲೆ ವೇರಿಯಂಟ್, ಬಣ್ಣ, ಸಿಗುವ ರಿಯಾಯಿತಿ, ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್ ಎಂಬುದನ್ನು ಬರೆಸಿಕೊಳ್ಳಿ. ಇನ್ನೊಂದು ವಿಷಯ ಕೇಳಿಡಿ: ಡೆಲಿವರಿಗೆ ಮುಂಚೆ ಕಂಪನಿ ಬೆಲೆ ಏರಿಸಿದರೆ ನಿಮಗೆ ಬುಕಿಂಗ್ ದಿನದ ಬೆಲೆಯಾ, ಡೆಲಿವರಿ ದಿನದ ಬೆಲೆಯಾ? ಸಾಮಾನ್ಯವಾಗಿ ಬಿಲ್ ಆಗುವ ದಿನದ ಬೆಲೆ. "ಆರಂಭಿಕ ಬೆಲೆ" ಎಂದು ಬಿಡುಗಡೆಯಾದ ಗಾಡಿಗೆ ತಿಂಗಳುಗಟ್ಟಲೆ ಕಾಯುವವರು ಇದನ್ನು ಮೊದಲೇ ತಿಳಿದಿರಬೇಕು.

ಇನ್ಶೂರೆನ್ಸ್: ಡೀಲರ್ ಹತ್ತಿರವೇ ಮಾಡಿಸಬೇಕಾಗಿಲ್ಲ

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ಪಾಲಿಸಿ, ಕಡ್ಡಾಯ. 2018ರ ಸೆಪ್ಟೆಂಬರ್‌ನಿಂದ ಈ ನಿಯಮ ಇದೆ. ನಮ್ಮ ಗಾಡಿಗೇ ಆಗುವ ಡ್ಯಾಮೇಜ್‌ನ ಪಾಲಿಸಿ ಒಂದು ವರ್ಷಕ್ಕೆ ಸಾಕು. 2022ರ ಜೂನ್‌ನಲ್ಲಿ ಜಾರಿಯಾದ ದರದಲ್ಲಿ 1000ದಿಂದ 1500 ಸಿಸಿ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 10,640 ರೂಪಾಯಿ, 1500 ಸಿಸಿ ದಾಟಿದರೆ 24,596. ಇದಕ್ಕೆ ಜಿಎಸ್‌ಟಿ ಬೇರೆ. ಈ ಭಾಗದ ದರ ಸರ್ಕಾರವೇ ಹೇಳುವುದರಿಂದ ಯಾವ ಕಂಪನಿಯಲ್ಲಿ ಮಾಡಿಸಿದರೂ ಒಂದೇ. ಚೌಕಾಸಿ ಇರುವುದು ಡ್ಯಾಮೇಜ್ ಭಾಗದಲ್ಲಿ ಮಾತ್ರ. ಹೊರಗೆ ಎರಡು ಕಡೆ ಕೊಟೇಶನ್ ತೆಗೆದುಕೊಂಡು ಹೋಗಿ ತೋರಿಸಿದರೆ ಡೀಲರ್ ಕೂಡ ಇಳಿಸುತ್ತಾರೆ. ಅಲ್ಲೇ ಮಾಡಿಸಿದರೆ ಕ್ಯಾಶ್‌ಲೆಸ್ ಕ್ಲೇಮ್ ಸಲೀಸು ಎನ್ನುವುದು ನಿಜ. ಬೆಲೆ ಹತ್ತಿರ ಹತ್ತಿರ ಇದ್ದರೆ ಡೀಲರ್ ಹತ್ತಿರವೇ ಮಾಡಿಸಿ.

ಹಳೇ ಕಾರು ಮಾರಿ ಇದನ್ನು ಕೊಳ್ಳುತ್ತಿದ್ದೀರಾ? ಹಾಗಿದ್ದರೆ ಹಳೇ ಇನ್ಶೂರೆನ್ಸ್ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ತರಿಸಿಕೊಳ್ಳಿ. ಆ ಬೋನಸ್ ಕಾರಿಗೆ ಅಂಟಿದ್ದಲ್ಲ, ನಿಮಗೆ ಸೇರಿದ್ದು. ಐದು ವರ್ಷ ಕ್ಲೇಮ್ ಮಾಡದವರಿಗೆ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 50ರವರೆಗೆ ಕಡಿಮೆ ಆಗುತ್ತದೆ. ಶೋರೂಂನಲ್ಲಿ ಇದನ್ನು ಯಾರೂ ತಾವಾಗಿ ನೆನಪಿಸುವುದಿಲ್ಲ.

ಹೆಚ್ಚುವರಿ ಕವರ್‌ಗಳಲ್ಲಿ ಝೀರೋ ಡೆಪ್ರಿಸಿಯೇಶನ್ (ಬಿಡಿಭಾಗದ ಸವೆತ ಎಂದು ಕ್ಲೇಮ್ ಹಣದಲ್ಲಿ ಕಡಿತ ಮಾಡದಿರುವುದು) ಬೇಕೇ ಬೇಕು. ಬೆಂಗಳೂರಿನಲ್ಲೋ ಕರಾವಳಿಯಲ್ಲೋ ಇರುವವರಿಗೆ ಎಂಜಿನ್ ಪ್ರೊಟೆಕ್ಷನ್ ಕೂಡ. ನೀರು ತುಂಬಿದ ಅಂಡರ್‌ಪಾಸ್‌ನಲ್ಲಿ ಗಾಡಿ ನಿಂತು, ಮತ್ತೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಒಳಗೆ ನೀರು ಹೋದರೆ ಸಾಮಾನ್ಯ ಪಾಲಿಸಿ ಆ ನಷ್ಟ ಕೊಡುವುದಿಲ್ಲ. ನೀರಲ್ಲಿ ನಿಂತ ಗಾಡಿಯನ್ನು ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಮೊದಲ ಮೂರು ವರ್ಷ ರಿಟರ್ನ್ ಟು ಇನ್‌ವಾಯ್ಸ್ ಕವರ್ ಕೂಡ ಒಳ್ಳೆಯದು. ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಬಿಲ್ಲಿನ ಬೆಲೆ ಸಿಗುತ್ತದೆ. ರಸ್ತೆ ತೆರಿಗೆಯೂ ಅದರಲ್ಲಿ ಸೇರಿದೆಯಾ ಎಂದು ಪಾಲಿಸಿ ಓದಿ ನೋಡಿ. ನಮ್ಮ ರಾಜ್ಯದಲ್ಲಿ ಅದೇ ಸುಮಾರು ಮೂರು ಲಕ್ಷದ ಮಾತು.

ಎಂಜಿನ್ ಆಯ್ಕೆ: ತಿಂಗಳಿಗೆ ಎಷ್ಟು ಕಿ.ಮೀ.?

ಇದು ಇಡೀ ಖರೀದಿಯ ದೊಡ್ಡ ತೀರ್ಮಾನ. ಫೀಚರ್ ಆಮೇಲೆ ಹಾಕಿಸಿಕೊಳ್ಳಬಹುದು, ಎಂಜಿನ್ ಬದಲಿಸಲು ಆಗುವುದಿಲ್ಲ.

ಸ್ಟ್ರಾಂಗ್ ಹೈಬ್ರಿಡ್ ಈಗ ಎಲ್ಲರ ಬಾಯಲ್ಲಿದೆ. ವಿಕ್ಟೋರಿಸ್ ಹೈಬ್ರಿಡ್‌ನ ಪ್ರಮಾಣಿತ ಮೈಲೇಜ್ ಲೀಟರಿಗೆ 28.65 ಕಿ.ಮೀ. ಟ್ರಾಫಿಕ್ಕಿನಲ್ಲಿ ನಿಧಾನಕ್ಕೆ ಹೋಗುವಾಗ ಬ್ಯಾಟರಿಯಲ್ಲೇ ಓಡುತ್ತದೆ, ಬ್ರೇಕ್ ಹಾಕಿದಾಗ ಚಾರ್ಜ್ ಆಗುತ್ತದೆ. ಪ್ಲಗ್ ಹಾಕುವ ಕೆಲಸ ಇಲ್ಲ. ಆದರೆ ಅದೇ ಹಂತದ ಸಾದಾ ಪೆಟ್ರೋಲ್ ಆಟೋಮ್ಯಾಟಿಕ್‌ಗಿಂತ ಎಕ್ಸ್-ಶೋರೂಂ ಬೆಲೆಯಲ್ಲೇ 3 ಲಕ್ಷದವರೆಗೆ ಜಾಸ್ತಿ. ನಮ್ಮ ತೆರಿಗೆ ಸೇರಿದರೆ 3.6 ಲಕ್ಷ.

ಈಗ ಲೆಕ್ಕ ನೋಡಿ. ಸಿಟಿಯಲ್ಲಿ ಸಾದಾ ಪೆಟ್ರೋಲ್ ಆಟೋಮ್ಯಾಟಿಕ್ ಲೀಟರಿಗೆ 13 ಕಿ.ಮೀ., ಹೈಬ್ರಿಡ್ 20 ಕಿ.ಮೀ. ಕೊಡುತ್ತದೆ ಎಂದು ಹಿಡಿಯೋಣ. ಪೆಟ್ರೋಲ್ 103 ರೂಪಾಯಿ ಎಂದುಕೊಳ್ಳಿ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಉಳಿತಾಯ 2,770 ರೂಪಾಯಿ. ಹೆಚ್ಚು ಕೊಟ್ಟ 3.6 ಲಕ್ಷ ವಾಪಸ್ ಬರಲು ಹತ್ತಿರ ಹತ್ತಿರ 11 ವರ್ಷ ಬೇಕು. ತಿಂಗಳಿಗೆ 2,500 ಕಿ.ಮೀ. ಓಡಿಸುವವರಿಗೆ ಉಳಿತಾಯ ಸುಮಾರು 6,900 ರೂಪಾಯಿ, ನಾಲ್ಕೂಕಾಲು ವರ್ಷದಲ್ಲಿ ಹಣ ವಾಪಸ್. ನಿಮ್ಮ ಊರಿನ ಪೆಟ್ರೋಲ್ ಬೆಲೆ, ನಿಮ್ಮ ಓಡಾಟ ಹಾಕಿ ಇದೇ ಲೆಕ್ಕ ಮಾಡಿ. ಸದ್ದಿಲ್ಲದ ಓಟ, ಟ್ರಾಫಿಕ್ಕಿನಲ್ಲಿ ಸಿಗುವ ಆರಾಮ ಇವಕ್ಕಾಗಿಯೇ ಹೈಬ್ರಿಡ್ ಕೊಳ್ಳುತ್ತೇನೆ ಎಂದರೆ ಅದೂ ಸರಿಯಾದ ಕಾರಣವೇ. ಉಳಿತಾಯಕ್ಕಾಗಿ ಎಂದರೆ ಮಾತ್ರ ಕಿ.ಮೀ. ಎಣಿಸಲೇಬೇಕು.

ಹೈಬ್ರಿಡ್ ಬ್ಯಾಟರಿ ಕೆಟ್ಟರೆ ಏನು ಗತಿ ಎಂಬ ಭಯ ತುಂಬಾ ಜನಕ್ಕೆ ಇದೆ. ಮಾರುತಿ, ಟೊಯೋಟಾ ಎರಡೂ ಆ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಅಷ್ಟರೊಳಗೆ ಗಾಡಿ ಮಾರುವವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಗ್ರ್ಯಾಂಡ್ ವಿಟಾರಾ, ಹೈರೈಡರ್ ಹೈಬ್ರಿಡ್‌ಗಳಲ್ಲಿ ಬ್ಯಾಟರಿ ಹಿಂದೆ ಕೂತಿರುವುದರಿಂದ ಡಿಕ್ಕಿ ಚಿಕ್ಕದಾಗುತ್ತದೆ. ನಿಮ್ಮ ಮನೆಯ ದೊಡ್ಡ ಸೂಟ್‌ಕೇಸ್ ಒಂದನ್ನು ಶೋರೂಂಗೆ ತೆಗೆದುಕೊಂಡು ಹೋಗಿ ಇಟ್ಟು ನೋಡಿ. ನಾಚಿಕೆ ಏಕೆ, ಹಣ ಕೊಡುವವರು ನೀವು.

ಸಿಎನ್‌ಜಿ ಬೇಕೆನ್ನುವವರಿಗೆ ವಿಕ್ಟೋರಿಸ್‌ನಲ್ಲಿ ಒಂದು ಒಳ್ಳೆಯ ಕೆಲಸ ಆಗಿದೆ. ಸಿಲಿಂಡರ್ ಅನ್ನು ಗಾಡಿಯ ಅಡಿಗೆ ಕೂರಿಸಿದ್ದಾರೆ, ಡಿಕ್ಕಿ ಹಾಗೇ ಉಳಿದಿದೆ. ಆದರೆ ನೀವು ಹೋಗಿ ಬರುವ ದಾರಿಯಲ್ಲಿ ಸಿಎನ್‌ಜಿ ಬಂಕ್ ಎಲ್ಲಿದೆ, ಅಲ್ಲಿ ಸಾಲು ಎಷ್ಟಿರುತ್ತದೆ ಎಂದು ಮೊದಲು ನೋಡಿ. ಮಲೆನಾಡಿನ ಒಳಗಿನ ಊರುಗಳವರು ಇದನ್ನು ಖಂಡಿತ ವಿಚಾರಿಸಿ.

ಡೀಸೆಲ್ ಈ ವರ್ಗದಲ್ಲಿ ಕ್ರೆಟಾ, ಸೆಲ್ಟೋಸ್, ಸಿಯೆರಾಗಳಲ್ಲಿ ಸಿಗುತ್ತದೆ. ಮಾರುತಿ, ಟೊಯೋಟಾ, ಹೋಂಡಾ, ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳು ಇಲ್ಲಿ ಡೀಸೆಲ್ ಕೊಡುವುದಿಲ್ಲ. ಐದು ಜನ, ತುಂಬಿದ ಡಿಕ್ಕಿ, ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಎಂದರೆ ಡೀಸೆಲ್ಲಿನ ಎಳೆತಕ್ಕೆ ಸಾಟಿ ಇಲ್ಲ. ಆದರೆ ಬಿಎಸ್6 ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಅದು ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳಬೇಕಾದರೆ ಗಾಡಿ ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ದಿನಾ ಮಗುವನ್ನು ಶಾಲೆಗೆ ಬಿಡುವುದು, ತರಕಾರಿ ತರುವುದು ಇಷ್ಟಕ್ಕೇ ಡೀಸೆಲ್ ಕೊಂಡವರಿಗೆ ಡಿಪಿಎಫ್ ಲೈಟ್ ಉರಿಯುವುದು, ಸರ್ವಿಸ್ ಸೆಂಟರ್‌ಗೆ ಓಡುವುದು ತಪ್ಪುವುದಿಲ್ಲ. ಕೆಲವು ಡೀಸೆಲ್ ಗಾಡಿಗಳಿಗೆ ಆಡ್‌ಬ್ಲೂ ದ್ರವವನ್ನೂ ಆಗಾಗ ತುಂಬಿಸಬೇಕು. ವಾರಕ್ಕೊಮ್ಮೆಯಾದರೂ ಹೈವೇ ಇದ್ದರೆ ಮಾತ್ರ ಡೀಸೆಲ್ ಕೊಳ್ಳಿ.

ಗೇರ್‌ಬಾಕ್ಸ್ ಬಗ್ಗೆ ಒಂದು ಮಾತು. ಡಿಸಿಟಿ, ಅಂದರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್, ಹೈವೇಯಲ್ಲಿ ಖುಷಿ ಕೊಡುತ್ತದೆ. ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ಕಡೆ ಅಡಿ ಅಡಿ ಸರಿಯುವಾಗ ಡ್ರೈ ಕ್ಲಚ್ (ತಂಪು ಮಾಡುವ ಎಣ್ಣೆ ಇಲ್ಲದ ಕ್ಲಚ್) ಡಿಸಿಟಿ ಬಿಸಿಯಾಗುತ್ತದೆ. ದಿನದ ಓಡಾಟ ಇಂಥ ಟ್ರಾಫಿಕ್ಕಿನಲ್ಲೇ ಆದರೆ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ದ್ರವದ ಮೂಲಕ ಎಳೆತ ಸಾಗಿಸುವುದು), ಸಿವಿಟಿ (ಗೇರ್ ಹಂತಗಳಿಲ್ಲದ್ದು) ಅಥವಾ ಹೈಬ್ರಿಡ್ ನೋಡಿ. "ಆಟೋಮ್ಯಾಟಿಕ್" ಎಂದಷ್ಟೇ ಹೇಳಿದರೆ ಸಾಲದು, ಯಾವ ಆಟೋಮ್ಯಾಟಿಕ್ ಎಂದು ಕೇಳಿ.

ಫೀಚರ್: ಯಾವುದಕ್ಕೆ ಹಣ, ಯಾವುದಕ್ಕೆ ಬೇಡ

ಸುರಕ್ಷತೆ ಮೊದಲು. ಆರು ಏರ್‌ಬ್ಯಾಗ್, ಗಾಡಿ ಜಾರದಂತೆ ತಡೆಯುವ ಇಎಸ್‌ಸಿ, ಮಕ್ಕಳ ಸೀಟು ಭದ್ರವಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ, ಹಿಂದೆ ಮಧ್ಯದಲ್ಲಿ ಕೂರುವವರಿಗೂ ಮೂರು ಪಾಯಿಂಟ್ ಬೆಲ್ಟ್. ನೀವು ಆರಿಸುವ ವೇರಿಯಂಟ್‌ನಲ್ಲೇ ಇವು ಇರಬೇಕು. ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಟೆಸ್ಟ್ 2023ರ ಅಕ್ಟೋಬರ್‌ನಲ್ಲಿ ಶುರುವಾಯಿತು. ವಿಕ್ಟೋರಿಸ್‌ಗೆ ಅದರಲ್ಲಿ ಐದು ಸ್ಟಾರ್ ಸಿಕ್ಕಿದೆ. ಕುಶಾಕ್, ಟೈಗನ್‌ಗಳಿಗೆ 2022ರಲ್ಲೇ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್ ಬಂದಿತ್ತು. ನಿಮ್ಮ ಪಟ್ಟಿಯ ಗಾಡಿಗೆ ಟೆಸ್ಟ್ ಆಗಿದೆಯಾ, ಯಾವ ವರ್ಷ, ಯಾವ ವೇರಿಯಂಟ್ ಎಂದು ನೋಡಿ. ಅದರಲ್ಲೂ ಮಕ್ಕಳ ಸುರಕ್ಷತೆಯ ಅಂಕ ಬೇರೆಯಾಗಿ ಇರುತ್ತದೆ, ಅದನ್ನೂ ಓದಿ.

ಎಡಾಸ್, ಅಂದರೆ ಕ್ಯಾಮೆರಾ, ರೇಡಾರ್‌ಗಳಿಂದ ರಸ್ತೆ ನೋಡಿ ಡ್ರೈವರ್‌ಗೆ ನೆರವಾಗುವ ವ್ಯವಸ್ಥೆ, ಇದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಮಿಶ್ರ. ಮುಂದೆ ಅಡ್ಡ ಬಂದಾಗ ತಾನೇ ಬ್ರೇಕ್ ಹಾಕುವುದು ಜೀವ ಉಳಿಸುವ ಫೀಚರ್. ರಾತ್ರಿ ಹೈವೇ ಓಡಿಸುವವರಿಗೆ ಅದು ಬೇಕು. ಆದರೆ ಲೇನ್ ಹಿಡಿದು ಸ್ಟೀರಿಂಗ್ ತಿರುಗಿಸುವ ಸೌಲಭ್ಯ ಗೆರೆಯೇ ಇಲ್ಲದ ರಸ್ತೆಯಲ್ಲಿ, ಗುಂಡಿ ತಪ್ಪಿಸುವಾಗ ಕೈಗೆ ಅಡ್ಡ ಬರುತ್ತದೆ. ಸಿಟಿಯಲ್ಲಿ ಅದನ್ನು ಆಫ್ ಮಾಡಿಡಿ. ಇನ್ನೊಂದು ಖರ್ಚು ಯಾರೂ ಹೇಳುವುದಿಲ್ಲ. ಎಡಾಸ್ ಕ್ಯಾಮೆರಾ ಮುಂದಿನ ಗಾಜಿನ ಹಿಂದೆ ಇರುತ್ತದೆ. ಲಾರಿಯಿಂದ ಕಲ್ಲು ಸಿಡಿದು ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಸರಿಹೊಂದಿಸಬೇಕು. ರೇಡಾರ್ ಇದ್ದರೆ ಅದು ಮುಂದಿನ ಬಂಪರ್ ಕಡೆ ಇರುತ್ತದೆ, ಅಲ್ಲಿಗೆ ಸಣ್ಣದಾಗಿ ಗುದ್ದಿದರೂ ದುಬಾರಿಯಾಗಬಹುದು. ಝೀರೋ ಡೆಪ್ರಿಸಿಯೇಶನ್ ಬೇಕೇ ಬೇಕು ಎಂದಿದ್ದು ಇದಕ್ಕೂ ಸೇರಿಯೇ.

ವೆಂಟಿಲೇಟೆಡ್ ಸೀಟು ಕಲಬುರಗಿ, ರಾಯಚೂರು, ಬಳ್ಳಾರಿಯವರಿಗೆ ಹಣಕ್ಕೆ ತಕ್ಕ ಫೀಚರ್. ಹಿಂದಿನ ಎಸಿ ವೆಂಟ್ ಎಲ್ಲರಿಗೂ ಬೇಕು. 360 ಡಿಗ್ರಿ ಕ್ಯಾಮೆರಾ ಇಕ್ಕಟ್ಟು ಬೀದಿಯವರಿಗೆ ಉಪಯೋಗ. ಹಿಂದಿನ ವೈಪರ್ ಮಳೆಗಾಲದಲ್ಲಿ ಅಗತ್ಯ. ಪನೋರಮಿಕ್ ಸನ್‌ರೂಫ್ ನನ್ನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ಬಿಸಿಲಿನಲ್ಲಿ ಕ್ಯಾಬಿನ್ ಕಾಯುತ್ತದೆ. ಮರದ ಕೆಳಗೆ ನಿಲ್ಲಿಸುವವರಿಗೆ ಎಲೆ ಕಸ ಸೇರಿ ನೀರು ಹೋಗುವ ಕೊಳವೆ ಕಟ್ಟಿಕೊಳ್ಳುತ್ತದೆ, ಆಮೇಲೆ ನೀರು ಒಳಗೆ ಬರುತ್ತದೆ.

ಟಾಪ್ ವೇರಿಯಂಟ್ ಜೊತೆ ದೊಡ್ಡ ಚಕ್ರವೂ ಬರುತ್ತದೆ. ಸಿಯೆರಾದಲ್ಲಿ ಅದು 19 ಇಂಚು. ನೋಡಲು ಚೆನ್ನ. ಆದರೆ ರಿಮ್ ದೊಡ್ಡದಾದಷ್ಟೂ ಟೈರಿನ ರಬ್ಬರ್ ಗೋಡೆ ತೆಳ್ಳಗಾಗುತ್ತದೆ, ಗುಂಡಿಗೆ ಬಿದ್ದಾಗ ಟೈರ್ ಸೀಳುವ, ರಿಮ್ ಬಾಗುವ ಸಾಧ್ಯತೆ ಹೆಚ್ಚು. ನಾಲ್ಕು ಟೈರ್ ಬದಲಿಸುವಾಗ ಬಿಲ್ ಕೂಡ ದೊಡ್ಡದು. 17 ಇಂಚಿನ ಮಧ್ಯದ ವೇರಿಯಂಟ್ ನಮ್ಮ ರಸ್ತೆಗೆ ಹೆಚ್ಚು ಹೊಂದುತ್ತದೆ. ಸ್ಟೆಪ್ನಿ ಪೂರ್ತಿ ಅಳತೆಯದಾ, ಚಿಕ್ಕದಾ ಎಂದು ಡಿಕ್ಕಿ ತೆಗೆದು ಕಣ್ಣಾರೆ ನೋಡಿ.

ಟೆಸ್ಟ್ ಡ್ರೈವ್ ನಿಮ್ಮ ದಾರಿಯಲ್ಲಿ

ಶೋರೂಂ ಸುತ್ತ ನುಣ್ಣನೆ ರಸ್ತೆಯಲ್ಲಿ ಎರಡು ಕಿ.ಮೀ. ಓಡಿಸಿದರೆ ಏನೂ ತಿಳಿಯದು. ಗಾಡಿಯನ್ನು ಮನೆಗೆ ತರಲು ಹೇಳಿ. ನಿಮ್ಮ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ಬಾಗಿಲು ಪೂರ್ತಿ ತೆಗೆಯಲು ಆಗುತ್ತದಾ ನೋಡಿ. ಮನೆಯ ಹಿರಿಯರನ್ನು ಹತ್ತಿಸಿ ಇಳಿಸಿ. ಮಂಡಿ ನೋವಿರುವವರಿಗೆ ಎತ್ತರದ ಗಾಡಿ ಎಲ್ಲರೂ ಹೇಳುವಷ್ಟು ಸುಲಭ ಅಲ್ಲ. ನಿಮ್ಮ ಬಡಾವಣೆಯ ಅತಿ ಕೆಟ್ಟ ಹಂಪ್ಸ್ ಮೇಲೆ ಐದು ಜನ ಕೂತು ದಾಟಿಸಿ. ಯಾವ ವೇರಿಯಂಟ್ ಕೊಳ್ಳುತ್ತೀರೋ ಅದೇ ಎಂಜಿನ್, ಅದೇ ಗೇರ್‌ಬಾಕ್ಸ್ ಓಡಿಸಿ. ಟರ್ಬೊ ಓಡಿಸಿ ಸಾದಾ ಪೆಟ್ರೋಲ್ ಬುಕ್ ಮಾಡಿದರೆ ಆಮೇಲೆ ಪಿಕಪ್ ಇಲ್ಲ ಎಂದು ಕೊರಗಬೇಕಾಗುತ್ತದೆ.

ಹೊಸ ಮಾಡೆಲ್ ಆದರೆ ಸ್ವಲ್ಪ ಕಾಯಿರಿ

ಪೂರ್ತಿ ಹೊಸದಾಗಿ ಬಂದ ಗಾಡಿಯ ಮೊದಲ ಬ್ಯಾಚ್ ಕೊಳ್ಳಬೇಡಿ ಎನ್ನುವುದು ನನ್ನ ಸಲಹೆ. ಆರು ತಿಂಗಳು ಕಾದರೆ ಸಾಫ್ಟ್‌ವೇರ್ ತೊಂದರೆ, ಒಳಗಿನ ಕಿರಿಕಿರಿ ಸದ್ದು ಇಂಥವು ಗೊತ್ತಾಗುತ್ತವೆ, ಕಂಪನಿ ಸರಿಪಡಿಸಿಯೂ ಇರುತ್ತದೆ. ಕಾಯಲು ಆಗದವರು ಎಂಜಿನ್, ಗೇರ್‌ಬಾಕ್ಸ್ ಆದರೂ ಮೊದಲಿಂದ ಚಾಲ್ತಿಯಲ್ಲಿರುವುದಾ ನೋಡಿ. ವಿಕ್ಟೋರಿಸ್ ಹೊಸ ಗಾಡಿ ಆದರೂ ಅದರ ಎಂಜಿನ್‌ಗಳು ಗ್ರ್ಯಾಂಡ್ ವಿಟಾರಾದಲ್ಲಿ 2022ರಿಂದ ಓಡುತ್ತಿವೆ.

ರೀಕಾಲ್ ಎಂದ ತಕ್ಷಣ ಹೆದರಬೇಡಿ. 2025ರ ನವೆಂಬರ್‌ನಲ್ಲಿ ಮಾರುತಿ 39,506 ಗ್ರ್ಯಾಂಡ್ ವಿಟಾರಾಗಳನ್ನು ವಾಪಸ್ ಕರೆಸಿತು. ಇಂಧನ ಎಷ್ಟಿದೆ ಎಂದು ತೋರಿಸುವ ಮೀಟರ್ ಸರಿಯಾಗಿ ತೋರಿಸದಿರಬಹುದು ಎಂಬ ಕಾರಣಕ್ಕೆ. ಇಂಥ ಕೆಲಸ ಉಚಿತವಾಗಿ ಆಗುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ಷಾಸಿ ನಂಬರ್ ಹಾಕಿ ನಿಮ್ಮ ಗಾಡಿ ಪಟ್ಟಿಯಲ್ಲಿದೆಯಾ ಎಂದು ವರ್ಷಕ್ಕೊಮ್ಮೆ ನೋಡುವ ಅಭ್ಯಾಸ ಇರಲಿ.

ಸಾಲ

12 ಲಕ್ಷ ಸಾಲ, ಶೇ 9 ಬಡ್ಡಿ ಎಂದರೆ 5 ವರ್ಷಕ್ಕೆ ಇಎಂಐ ಸುಮಾರು 24,900. 7 ವರ್ಷಕ್ಕೆ 19,300. ತಿಂಗಳಿಗೆ 5,600 ಕಡಿಮೆ ಎನಿಸುತ್ತದೆ, ಆದರೆ ಒಟ್ಟು ಬಡ್ಡಿ 1.27 ಲಕ್ಷ ಜಾಸ್ತಿ. 7 ವರ್ಷಕ್ಕೆ ಮಾತ್ರ ಇಎಂಐ ಹೊಂದುತ್ತದೆ ಎಂದರೆ ಒಂದು ವೇರಿಯಂಟ್ ಕೆಳಗೆ ಇಳಿಯಿರಿ. ಮುಂಚೆಯೇ ತೀರಿಸಿದರೆ ದಂಡ ಎಷ್ಟು ಎಂದು ಬ್ಯಾಂಕಿನಲ್ಲಿ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

ಡೆಲಿವರಿಗೆ ಮುಂಚೆ ಗಾಡಿ ನೋಡಿ

ನೋಂದಣಿ ಆಗುವ ಮುಂಚೆಯೇ ಗಾಡಿ ತೋರಿಸಲು ಹೇಳಿ. ನೋಂದಣಿ ಆದ ಮೇಲೆ ತಪ್ಪು ಕಂಡರೆ ಗಾಡಿ ಬದಲಿಸಿ ಕೊಡುವುದಿಲ್ಲ. ಹಗಲು ಬೆಳಕಿನಲ್ಲಿ ಹೋಗಿ, ಗಾಡಿ ತೊಳೆದಿರಬೇಕು.

ತಯಾರಾದ ತಿಂಗಳು, ವರ್ಷ ಮೊದಲು ನೋಡಿ. ಇದು ಆರ್‌ಸಿಯಲ್ಲೂ ನಮೂದಾಗುತ್ತದೆ. ಜನವರಿಯಲ್ಲಿ ಕೊಂಡ ಗಾಡಿ ಹಿಂದಿನ ಡಿಸೆಂಬರ್‌ನದ್ದಾದರೂ ಮಾರುವಾಗ ಒಂದು ವರ್ಷ ಹಳೆಯದು ಎಂದೇ ಲೆಕ್ಕ. ಅದಕ್ಕೆ ತಕ್ಕ ರಿಯಾಯಿತಿ ಕೊಟ್ಟರೆ, ನೀವು ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಾದರೆ, ತೆಗೆದುಕೊಳ್ಳಬಹುದು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 3625 ಎಂದಿದ್ದರೆ 2025ರ 36ನೇ ವಾರ. ಐದೂ ಟೈರು ನೋಡಿ. ಬಾಗಿಲು, ಬಾನೆಟ್ ಅಂಚಿನಲ್ಲಿ ಪೇಂಟಿನ ಬಣ್ಣ ಒಂದೇ ಇದೆಯಾ, ಸ್ಕ್ರೂಗಳ ಮೇಲೆ ಸ್ಪ್ಯಾನರ್ ಗುರುತು ಇದೆಯಾ ನೋಡಿ. ಎಸಿ, ಪ್ರತಿ ಕಿಟಕಿ, ಪ್ರತಿ ಲೈಟು, ಕ್ಯಾಮೆರಾ, ಎರಡೂ ಕೀ ಪರೀಕ್ಷಿಸಿ. ಜ್ಯಾಕ್, ಸ್ಪ್ಯಾನರ್ ಇದೆಯಾ ನೋಡಿ. ಷಾಸಿ ನಂಬರಿನ ಫೋಟೊ ತೆಗೆದುಕೊಂಡು ಬಿಲ್ಲಿನ ಜೊತೆ ಹೋಲಿಸಿ. ಎಲ್ಲ ಸರಿ ಇದ್ದ ಮೇಲೆ ಬಾಕಿ ಹಣ ಕೊಡಿ.

ಮನೆಗೆ ಬಂದ ಮೇಲೆ

ಮೊದಲ ಮೂರು ಸರ್ವಿಸ್ ಉಚಿತ ಎಂದರೆ ಕೂಲಿ ಮಾತ್ರ ಉಚಿತ, ಆಯಿಲ್ ಮತ್ತು ಫಿಲ್ಟರಿಗೆ ಹಣ ಕೊಡಬೇಕು. ಸರ್ವಿಸ್ ಸೆಂಟರಿನಲ್ಲಿ ಟೆಫ್ಲಾನ್ ಕೋಟಿಂಗ್, ಎಂಜಿನ್ ಡೀಕಾರ್ಬನೈಸಿಂಗ್, ಎಸಿ ಟ್ರೀಟ್‌ಮೆಂಟ್ ಎಂದು ಸೇರಿಸುತ್ತಾ ಹೋಗುತ್ತಾರೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಆ ಕಿ.ಮೀ.ಗೆ ಏನು ಬರೆದಿದೆಯೋ ಅದನ್ನಷ್ಟೇ ಮಾಡಿಸಿ. ಮಂಗಳೂರು, ಉಡುಪಿ, ಕಾರವಾರದವರು ಮಾತ್ರ ಅಡಿಭಾಗದ ತುಕ್ಕಿನ ಬಗ್ಗೆ ಎಚ್ಚರ ವಹಿಸಬೇಕು. ಮಳೆಗಾಲ ಮುಗಿದ ಮೇಲೆ ಅಡಿಯನ್ನು ಚೆನ್ನಾಗಿ ತೊಳೆಸಿ.

ಇಲಿ ಕಾಟ ನಿಜವಾದ ತೊಂದರೆ. ಎರಡು ದಿನ ನಿಂತ ಗಾಡಿಯ ವೈರಿಂಗ್ ಕಡಿದು ಹಾಕುತ್ತವೆ. ವಾರಂಟಿಯಲ್ಲಿ ಇದು ಬರುವುದಿಲ್ಲ. ಇನ್ಶೂರೆನ್ಸ್‌ನಲ್ಲಿ ಎಷ್ಟರ ಮಟ್ಟಿಗೆ ಬರುತ್ತದೆ ಎಂದು ಪಾಲಿಸಿ ಮಾಡಿಸುವಾಗಲೇ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಸೆನ್ಸರ್, ಕ್ಯಾಮೆರಾ ಹೆಚ್ಚಿದ್ದಷ್ಟೂ ಈ ರಿಪೇರಿ ದುಬಾರಿ.

ಮಾರುತಿ, ಟಾಟಾಗಳ ಸಾಮಾನ್ಯ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಹ್ಯುಂಡೈ, ಹೋಂಡಾಗಳದ್ದು 3 ವರ್ಷ, ಕಿ.ಮೀ. ಮಿತಿ ಇಲ್ಲ. ಸ್ಕ್ರೀನು, ಎಲೆಕ್ಟ್ರಾನಿಕ್ಸ್ ಇಷ್ಟು ತುಂಬಿರುವ ಗಾಡಿಗೆ ಎಕ್ಸ್‌ಟೆಂಡೆಡ್ ವಾರಂಟಿ ಖಂಡಿತ ಬೇಕು. ಡೆಲಿವರಿ ದಿನವೇ ತೆಗೆದುಕೊಳ್ಳಬೇಕು ಎಂದೇನಿಲ್ಲ, ಆದರೆ ತಡವಾದಷ್ಟೂ ದರ ಏರುತ್ತದೆ. ಎಂದಿನವರೆಗೆ ಹಳೇ ದರ ಎಂದು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಫೋನಿನಿಂದ ಎಸಿ ಹಾಕುವ, ಗಾಡಿ ಎಲ್ಲಿದೆ ಎಂದು ನೋಡುವ ಕನೆಕ್ಟೆಡ್ ಸೇವೆಗಳು ಕೆಲವು ವರ್ಷ ಮಾತ್ರ ಉಚಿತ. ಆಮೇಲೆ ವರ್ಷಕ್ಕೆ ಎಷ್ಟು ಎಂದು ಈಗಲೇ ಕೇಳಿಡಿ.

ಆರ್‌ಸಿ ಬಂದ ದಿನ ಹೆಸರು, ವಿಳಾಸ, ಎಂಜಿನ್ ನಂಬರ್, ಷಾಸಿ ನಂಬರ್, ತಯಾರಾದ ತಿಂಗಳು ಎಲ್ಲ ಸರಿ ಇದೆಯಾ ನೋಡಿ. ತೆರಿಗೆ ಕಟ್ಟಿದ ರಸೀದಿ ಡೀಲರ್‌ನಿಂದ ಪಡೆದು, ಅದರಲ್ಲಿರುವ ಮೊತ್ತ ನಿಮ್ಮಿಂದ ತೆಗೆದುಕೊಂಡ ಮೊತ್ತಕ್ಕೆ ಸಮ ಇದೆಯಾ ಹೋಲಿಸಿ. ಹೆಚ್ಚು ತೆಗೆದುಕೊಂಡಿದ್ದರೆ ವಾಪಸ್ ಕೇಳಿ, ಅದು ನಿಮ್ಮ ಹಣ. ಟಿಸಿಎಸ್ ಎಂದು ಕಟ್ಟಿದ ಶೇ 1 ಕೂಡ ನಿಮ್ಮದೇ. ಡೀಲರ್ ಅದನ್ನು ನಿಮ್ಮ ಪ್ಯಾನ್ ನಂಬರಿಗೆ ಜಮಾ ಮಾಡಿದ್ದಾರಾ ಎಂದು ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿ, ಆ ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಸೇರಿಸಿ. ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಳೆಯುತ್ತದೆ, ತೆರಿಗೆಯೇ ಇಲ್ಲದಿದ್ದರೆ ರೀಫಂಡ್ ಬರುತ್ತದೆ. 15 ಲಕ್ಷದ ಗಾಡಿಗೆ ಅದು 15 ಸಾವಿರ ರೂಪಾಯಿ.